ಡೊಂಬಿವಲಿಯಲ್ಲಿ ಚಂದನ

2007ರ ಮಾತು. ಬ್ಯಾಂಕಿನವರು ನನ್ನನ್ನು ಶಿವಮೊಗ್ಗದಿಂದ ಎತ್ತಿ ಮುಂಬಯಿಗೆ ಹಾಕಿ ಎರಡು ವರ್ಷವಾಗಿತ್ತು. ಡೊಂಬಿವಲಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ತೀರ್ಥಹಳ್ಳಿ ಕಡೆಯ ಮನೆಗೆ ಬೀಗ ಹಾಕಿ ನಮ್ಮ ಜೊತೆ ಬಂದಿದ್ದಳು. ಅವಳಿಗೆ ಹಿಂದಿ ಬಾರದು, ಮರಾಠಿ ಬಾರದು. ಎದುರು ಮನೆಯ ಆಜಿ "ಜೇವಣ್ ಝಾಲಂ ಕಾ?" ಎಂದು ಕೇಳಿದರೆ ಇವಳು "ಮೊಮ್ಮಗಳು ಕಾಲೇಜಿಗೆ ಹೋದಳು" ಅನ್ನುವಳು. ಇಬ್ಬರೂ ನಕ್ಕು ಬಾಗಿಲು ಹಾಕಿಕೊಳ್ಳುವರು. ಇಡೀ ದಿನಕ್ಕೆ ಅಷ್ಟೇ ಅವಳ ಮಾತುಕತೆ.

ಅವಳಿಗೆ ಇದ್ದ ಒಂದೇ ಆಸೆ ದೂರದರ್ಶನ ಚಂದನದ 'ಥಟ್ ಅಂತ ಹೇಳಿ'. ಡಾ. ನಾ. ಸೋಮೇಶ್ವರರು ಪ್ರಶ್ನೆ ಕೇಳುವುದು, ಸರಿ ಉತ್ತರಕ್ಕೆ ಪುಸ್ತಕ ಕೊಡುವುದು ಅವಳಿಗೆ ಬಹಳ ಮೆಚ್ಚುಗೆ. ಆದರೆ ನಮ್ಮ ಕೇಬಲ್‌ನವನು ಚಂದನವನ್ನು ಒಂದು ವಾರ ಕೊಟ್ಟರೆ ಮೂರು ವಾರ ಮಾಯ ಮಾಡುತ್ತಿದ್ದ. ಬಂದ ದಿನವೂ ಆ ಹೊತ್ತಿಗೆ ಹಾಲಿನ ಟಿ.ವಿ.ಯಲ್ಲಿ ಶ್ರೀಮತಿ ಮತ್ತು ಮಗಳ ಹಿಂದಿ ಧಾರಾವಾಹಿ. ಇದರ ಮೇಲೆ ಅಮ್ಮ ಮಾತ್ರೆ ನುಂಗಿ ಬೇಗ ಮಲಗಬೇಕಿತ್ತು. "ಬಿಡೋ, ನಂಗೆ ಅದೆಲ್ಲಾ ಏನೂ ಬೇಡ" ಅನ್ನುತ್ತಿದ್ದಳು. ಬೇಡ ಅಂದರೆ ಬೇಕು ಅಂತ ಅರ್ಥ ಮಾಡಿಕೊಳ್ಳುವಷ್ಟು ವಯಸ್ಸು ನನಗೂ ಆಗಿತ್ತು.

ಮಗಳಿಗಾಗಿ ತಂದ ಕಂಪ್ಯೂಟರ್ ಅಮ್ಮ ಮಲಗುವ ಕೋಣೆಯಲ್ಲೇ ಇತ್ತು. ಅದನ್ನೇ ರೆಕಾರ್ಡರ್ ಮಾಡಿದರೆ ಹೇಗೆ ಎಂದು ತಲೆಗೆ ಬಂತು. ಒಂದು ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಗೆ ಹೋದೆ. ಒಂದು ಟಿ.ವಿ. ಟ್ಯೂನರ್ ಕಾರ್ಡ್, ಡಿಡಿ ಡೈರೆಕ್ಟ್ ಪ್ಲಸ್ ಹಿಡಿಯುವ ಒಂದು ಡಿಶ್, ಒಂದು ಡಬ್ಬಿ. ಎಲ್ಲಾ ಸೇರಿ ನಾಲ್ಕು ಸಾವಿರದ ಒಳಗೆ ಮುಗಿಯಿತು. ದೂರದರ್ಶನದ ಈ ಸೇವೆಗೆ ತಿಂಗಳ ಬಾಡಿಗೆ ಇಲ್ಲ. ಬ್ಯಾಂಕಿನವನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದು!

ಡಿಶ್ ಅನ್ನು ಬಾಲ್ಕನಿಯ ಕಂಬಿಗೆ ಕಟ್ಟಿದೆವು. ಅಮ್ಮ ಅದಕ್ಕೆ ಬಾಣಲೆ ಎಂದು ಹೆಸರಿಟ್ಟಳು.

"ಬಾಣಲೆ ಯಾವ ಕಡೆ ನೋಡ್ತಿದೆಯೋ?"

"ಆಗ್ನೇಯಕ್ಕೆ ಅಮ್ಮ, ಉಪಗ್ರಹ ಆ ಕಡೆ ಇದೆ."

"ಹಾಗಾದ್ರೆ ನಮ್ಮೂರ ಕಡೆಗೇ ಅನ್ನು."

ನನ್ನ ಲೆಕ್ಕಾಚಾರ ಇಷ್ಟೇ. ಕಂಪ್ಯೂಟರ್ ತಾನಾಗಿ ಡಬ್ಬಿಯ ಚಾನೆಲ್ ಬದಲಾಯಿಸಲಾರದು. ಆದ್ದರಿಂದ ಡಬ್ಬಿಯನ್ನು ಸದಾ ಚಂದನದ ಮೇಲೇ ನಿಲ್ಲಿಸಿಬಿಡುವುದು. ಚಿತ್ರದ ಹಳದಿ ತಂತಿ ಟ್ಯೂನರ್ ಕಾರ್ಡಿಗೆ, ಧ್ವನಿಯ ಕೆಂಪು-ಬಿಳಿ ತಂತಿ ಕಂಪ್ಯೂಟರಿನ ಲೈನ್-ಇನ್ ತೂತಿಗೆ. ಕಾರ್ಡಿನ ಜೊತೆ ಬಂದ ತಂತ್ರಾಂಶದಲ್ಲಿ ಸಮಯ ಬರೆದಿಟ್ಟರೆ ಅದು ತಾನೇ ಶುರುವಾಗಿ ತಾನೇ ನಿಲ್ಲುತ್ತದೆ. ಅರ್ಧ ಗಂಟೆಗೆ ಸುಮಾರು ಒಂದು ಜಿಬಿ. ಡಿಸ್ಕು 80 ಜಿಬಿಯದು, ಆದ್ದರಿಂದ ನೋಡಿದ್ದನ್ನು ಅಳಿಸುತ್ತಾ ಹೋದರೆ ಸಾಕು.

ಮೊದಲ ಮೂರು ರಾತ್ರಿ ಅಮ್ಮ ಮಲಗಲಿಲ್ಲ. "ಹೇಗೆ ಹಿಡಿಯುತ್ತೆ ನೋಡ್ಬೇಕು" ಎಂದು ಮಾನಿಟರ್ ಎದುರು ಕುರ್ಚಿ ಹಾಕಿಕೊಂಡು ಕೂತಳು. ಮಾರನೆಯ ದಿನ ಹಾಕಿ ನೋಡಿದರೆ ಚಿತ್ರ ಚೆನ್ನಾಗಿದೆ, ಧ್ವನಿ ಮಾತ್ರ ಬಾವಿಯೊಳಗಿಂದ ಬಂದಂತೆ. ಜೊತೆಗೆ ಮನೆಯ ಗಲಾಟೆಯೆಲ್ಲಾ ಸೇರಿಕೊಂಡಿದೆ. ಮೂರು ದಿನವೂ ಹೀಗೇ. ತಂತಿ ಬದಲಾಯಿಸಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಹದಿನೈದು ನಿಮಿಷದ ತುಂಡೊಂದನ್ನು ಸಿ.ಡಿ.ಗೆ ಹಾಕಿ ಶನಿವಾರ ಅಂಗಡಿಗೆ ಒಯ್ದೆ. ಅಲ್ಲಿದ್ದ ಹುಡುಗ ಹತ್ತು ಸೆಕೆಂಡ್ ಕೇಳಿ ನಕ್ಕುಬಿಟ್ಟ. "ಅಂಕಲ್, ಲೈನ್-ಇನ್ ಕೀಜಿಯೇ, ಮೈಕ್ ನಹೀಂ!"

ತಪ್ಪು ನನ್ನದೇ. ತಂತಿ ಸರಿಯಾದ ತೂತಿನಲ್ಲೇ ಇತ್ತು. ಆದರೆ ಕಂಪ್ಯೂಟರಿನ ವಾಲ್ಯೂಮ್ ಕಂಟ್ರೋಲಿನಲ್ಲಿ ಯಾವ ದಾರಿಯ ಧ್ವನಿ ರೆಕಾರ್ಡ್ ಆಗಬೇಕು ಎಂದು ಬೇರೆಯಾಗಿ ಹೇಳಬೇಕಂತೆ. ಅಲ್ಲಿ ಮೈಕಿಗೆ ಗುರುತು ಇತ್ತು. ಮಗಳು ಗೆಳತಿಯರ ಜೊತೆ ಹರಟಲು ಇಟ್ಟುಕೊಂಡಿದ್ದ ಮೈಕು ಸ್ಪೀಕರಿನ ಧ್ವನಿಯನ್ನೂ ಕೋಣೆಯ ಧ್ವನಿಯನ್ನೂ ಒಟ್ಟಿಗೆ ಹಿಡಿದುಕೊಂಡಿತ್ತು. ಮನೆಗೆ ಬಂದವನೇ ಗುರುತು ಬದಲಾಯಿಸಿ, ಕೆಟ್ಟ ಮೂರು ಫೈಲುಗಳನ್ನು ಅಳಿಸಿ ಹಾಕಿದೆ. ತಪ್ಪು ಎಂಟ್ರಿಯನ್ನು ಅಂದೇ ಸರಿಪಡಿಸಿ ಮನೆಗೆ ಹೋಗುವುದು ನಮ್ಮ ವೃತ್ತಿಯ ಅಭ್ಯಾಸ.

ಅಲ್ಲಿಂದ ಮುಂದೆ ಯಂತ್ರ ತಕರಾರು ಮಾಡಲಿಲ್ಲ. ರಾತ್ರಿ ಅಮ್ಮ ಮಲಗಿರುವಾಗ ಅದು ಹಿಡಿದಿಡುತ್ತಿತ್ತು, ಮಧ್ಯಾಹ್ನ ಅವಳು ನೋಡುತ್ತಿದ್ದಳು. ಮೌಸನ್ನು ಎರಡು ಸಲ ಬೇಗ ಬೇಗ ಒತ್ತುವುದನ್ನು ಕಲಿಯಲು ನಾಲ್ಕು ದಿನ ಹಿಡಿಯಿತು. ಆಮೇಲೆ ಅವಳೇ ಒಂದು ಉಪಾಯ ಕಂಡುಕೊಂಡಳು. ಪ್ರಶ್ನೆ ಬಂದ ಕೂಡಲೇ ನಿಲ್ಲಿಸುವುದು, ಅಡುಗೆಮನೆಗೆ ಹೋಗಿ ಯೋಚನೆ ಮಾಡುವುದು, ಉತ್ತರ ಹೊಳೆದ ಮೇಲೆ ಬಂದು ಮುಂದುವರಿಸುವುದು. "ಥಟ್ ಅಂತ ಹೇಳ್ಬೇಕಮ್ಮ" ಎಂದು ನಾವು ರೇಗಿಸಿದರೆ, "ನಂಗೇನು ಅವಸರ, ಪುಸ್ತಕ ಕೊಡ್ತಾರಾ?" ಅನ್ನುವಳು. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಊರಿನಲ್ಲಿ ಗಮಕ ಕೇಳಿ ಕೇಳಿ ಭಾರತ, ರಾಮಾಯಣದ ಪ್ರಶ್ನೆ ಒಂದೂ ತಪ್ಪುತ್ತಿರಲಿಲ್ಲ.

2010ರಲ್ಲಿ ಅಮ್ಮ ಹೋದಳು. ರೆಕಾರ್ಡರಿಗೆ ಕೆಲಸ ಇಲ್ಲವಾಯಿತು.

2016ರಲ್ಲಿ ನಿವೃತ್ತನಾಗಿ ಪುಣೆಗೆ, ಮಗಳಿರುವ ಊರಿಗೆ, ಸಾಮಾನು ಕಟ್ಟುವಾಗ ಆ ಸಿ.ಡಿ. ಕೈಗೆ ಸಿಕ್ಕಿತು. ಮೇಲೆ ನನ್ನದೇ ಅಕ್ಷರದಲ್ಲಿ 'ಧ್ವನಿ ದೋಷ' ಎಂದು ಬರೆದಿತ್ತು. ಎಸೆಯುವ ಮೊದಲು ಹಾಕಿ ನೋಡಿದೆ. ಸ್ಪರ್ಧಿ ಉತ್ತರಕ್ಕೆ ತಡವರಿಸುತ್ತಿದ್ದಾನೆ. ಹಿಂದಿನಿಂದ ಅಮ್ಮ, "ಕುಮಾರವ್ಯಾಸ ಕಣೋ, ಕುಮಾರವ್ಯಾಸ! ಇಷ್ಟೂ ಗೊತ್ತಿಲ್ವೇನೋ?" ಆಮೇಲೆ ಅವಳ ಕೆಮ್ಮು, ಸ್ಟೀಲ್ ಲೋಟ ನೆಲಕ್ಕಿಟ್ಟ ಸದ್ದು, ದೂರದಲ್ಲಿ ಲೋಕಲ್ ರೈಲಿನ ಹಾರ್ನು. ಕೊನೆಗೆ ನನ್ನ ದನಿ: "ಅಮ್ಮ, ಸ್ವಲ್ಪ ಸುಮ್ನಿರು, ರೆಕಾರ್ಡ್ ಆಗ್ತಿದೆ."

ಅವಳು ಸುಮ್ಮನಾಗುತ್ತಾಳೆ. ಉಳಿದ ನಾಲ್ಕೈದು ನಿಮಿಷ ಅವಳ ಮಾತಿಲ್ಲ.

ಈಗ ಚಂದನದ ಕಾರ್ಯಕ್ರಮಗಳು ಯೂಟ್ಯೂಬಿನಲ್ಲೇ ಸಿಗುತ್ತವೆ, ಬಾಣಲೆಯ ಅಗತ್ಯವಿಲ್ಲ. ಮೂರು ವರ್ಷ ನಾನು ಹಿಡಿದಿಟ್ಟ ನೂರಾರು ಶುದ್ಧ ಧ್ವನಿಯ ಕಂತುಗಳಲ್ಲಿ ಅಮ್ಮ ಎಲ್ಲೂ ಇಲ್ಲ. ಅವಳಿರುವುದು ನನ್ನ ತಪ್ಪಿನಿಂದ ಉಳಿದ ಈ ಹದಿನೈದು ನಿಮಿಷದಲ್ಲಿ. ಅದರ ಮೂರು ಪ್ರತಿ ಮಾಡಿದ್ದೇನೆ: ಒಂದು ನನ್ನಲ್ಲಿ, ಒಂದು ಮಗಳಲ್ಲಿ, ಇನ್ನೊಂದು ಶಿವಮೊಗ್ಗದ ತಂಗಿಯ ಮನೆಯಲ್ಲಿ. ಮನೆಗೆ ಹೊಸ ಯಂತ್ರ ತಂದು ಪರೀಕ್ಷೆ ಮಾಡುವವರಿಗೆ ನನ್ನದೊಂದೇ ಮಾತು. ಆ ಹೊತ್ತಿಗೆ ಹಿರಿಯರು ಏನಾದರೂ ಮಾತಾಡುತ್ತಿದ್ದರೆ, ಮಾತಾಡಲು ಬಿಡಿ.