ಮೋಡ ಮುಸುಕಿದ ಮಾಗಡಿ ಕೆರೆ

ಮಾಗಡಿ ಎಂದೊಡನೆ ನಿಮಗೆ ಕೆಂಪೇಗೌಡರ ಮಾಗಡಿ ನೆನಪಾದೀತು. ನಾನು ಹೇಳುತ್ತಿರುವುದು ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಗದಗಿನಿಂದ ಸುಮಾರು 26 ಕಿಲೋಮೀಟರು. ಅಲ್ಲಿಯ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ನಮ್ಮ ಬಯಲುಸೀಮೆಗೆ ಬರುವ ಅತಿಥಿಗಳಿವು. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೂ ಸೇರಿತು.

ಮಗ ತನ್ನ ಹಳೆಯ ಕ್ಯಾಮೆರಾ ನನಗೆ ಬಿಟ್ಟುಕೊಟ್ಟಿದ್ದ. ಸರಿ, ಡಿಸೆಂಬರಿನ ಒಂದು ಭಾನುವಾರ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮನೆಯವರೊಡನೆ ಹೊರಟೆ. ನಮ್ಮ ಗ್ರಹಚಾರಕ್ಕೆ ಬಂಗಾಳ ಉಪಸಾಗರದಲ್ಲಿ ವಾಯುಭಾರ ಕುಸಿದಿತ್ತು. ಸೂರ್ಯನೇ ಇಲ್ಲ, ಮೇಲೆ ತುಂತುರು ಬೇರೆ. ನೀರೂ ಬೂದು, ಆಕಾಶವೂ ಬೂದು, ಹಕ್ಕಿಯೂ ಬೂದು!

ಎರಡು ತಾಸು ಕಾದೆ. ಹೆಬ್ಬಾತುಗಳು ಕತ್ತು ಹುದುಗಿಸಿ ದಡದಲ್ಲಿ ಕೂತೇ ಇದ್ದವು. ನನಗೆ ಸಹನೆ ತಪ್ಪಿತು. ಹೇಳಲು ನಾಚಿಕೆಯಾಗುತ್ತದೆ, ಒಂದು ಹೆಂಟೆ ತೆಗೆದು ನೀರಿಗೆ ಎಸೆದೇಬಿಟ್ಟೆ. ಇಡೀ ಹಿಂಡು ಗದ್ದಲವೆಬ್ಬಿಸಿ ಮೇಲೆದ್ದಿತು. ಪಟಪಟ ಫೋಟೋ ಹೊಡೆದೆ.

ಎಮ್ಮೆ ಮೇಯಿಸುತ್ತಿದ್ದ ಅಜ್ಜ ಹತ್ತಿರ ಬಂದು ಮೆಲ್ಲಗೆ ಹೇಳಿದ: “ತಂಗೀ, ರಾತ್ರಿಯೆಲ್ಲಾ ಹೊಲದಾಗ ಮೇಯ್ದು ಬಂದಾವ. ಮಲಗೋ ಹೊತ್ತಿನ್ಯಾಗ ಎಬ್ಬಿಸಿದ್ರ ಹ್ಯಾಂಗ?”

ನನಗೆ ಮಾತೇ ಹೊರಡಲಿಲ್ಲ. ಮಲಗಿದ ಕೂಸನ್ನು ಯಾರಾದರೂ ಎಬ್ಬಿಸಿದರೆ ನಾವು ಸುಮ್ಮನಿರುತ್ತೇವೆಯೇ? ಮಾರ್ಚಿ ಹೊತ್ತಿಗೆ ಅವು ಮತ್ತೆ ಹಿಮಾಲಯ ದಾಟಬೇಕು. ಅದಕ್ಕಾಗಿ ಮೈಯಲ್ಲಿ ಕೂಡಿಟ್ಟ ಕಸುವನ್ನು ನನ್ನೊಂದು ಫೋಟೋಗೆ ಖರ್ಚು ಮಾಡಿಸಿದ್ದೆ. ಮನೆಗೆ ಬಂದು ನೋಡಿದರೆ ಚಿತ್ರಗಳೆಲ್ಲ ಹೊಗೆ ಹೊಗೆ!

ಮಗ ಆಮೇಲೆ ಬಿಡಿಸಿ ಹೇಳಿದ. ಬೆಳಕು ಕಡಿಮೆಯಿದ್ದಾಗ ಕ್ಯಾಮೆರಾದ ಕಣ್ಣು ಹೆಚ್ಚು ಹೊತ್ತು ತೆರೆದಿರುತ್ತದೆ, ಹಾರುವ ಹಕ್ಕಿ ಕದಡಿಹೋಗುತ್ತದೆ. ಅಂಥ ದಿನ ಕೂತ ಹಕ್ಕಿಯನ್ನೇ ತೆಗೆಯಬೇಕು. ಐಎಸ್‌ಒ 800 ಅಥವಾ 1600ಕ್ಕೆ ಏರಿಸಬೇಕು. ಚಿತ್ರದಲ್ಲಿ ಸ್ವಲ್ಪ ರವೆ ರವೆ ಕಂಡರೂ ಅಡ್ಡಿಯಿಲ್ಲ. ಬಿಳಿಚಿದ ಆಕಾಶ ಹಿಂದಿದ್ದರೆ ಹಕ್ಕಿ ಕಪ್ಪಗೆ ಬರುತ್ತದೆ, ಆದ್ದರಿಂದ ದಡ, ಹುಲ್ಲು ಹಿಂದೆ ಬರುವಂತೆ ನಿಲ್ಲಬೇಕು.

ಎರಡು ವಾರ ಬಿಟ್ಟು ಮತ್ತೆ ಹೋದೆವು. ಅಂದೂ ಮೋಡವೇ. ಈ ಸಲ ಸಣ್ಣ ಚೀಲದಲ್ಲಿ ಜೋಳ ತುಂಬಿಕೊಂಡು ಹೋಗಿದ್ದೆ, ಹಕ್ಕಿಗಲ್ಲ, ಕ್ಯಾಮೆರಾಕ್ಕೆ! ಅದರ ಮೇಲಿಟ್ಟರೆ ಕೈ ನಡುಗಿದರೂ ಕ್ಯಾಮೆರಾ ಅಲುಗದು. ದೂರದಲ್ಲೇ ಕೂತೆ. ಬಿಸಿಲಿಲ್ಲದ್ದರಿಂದ ಕಪ್ಪು ನೆರಳೂ ಬೀಳಲಿಲ್ಲ, ರೆಕ್ಕೆಯ ಒಂದೊಂದು ಗರಿಯ ಅಂಚೂ ಸ್ಪಷ್ಟ. ಜೋಡಿಯೊಂದು ಕತ್ತು ಹುದುಗಿಸಿ ನಿದ್ದೆ ಹೋಗಿತ್ತು. ಒಂದೇ ಒಂದು ಒಳ್ಳೆಯ ಫೋಟೋ ಸಿಕ್ಕಿತು. ಅದೀಗ ನಮ್ಮ ಪಡಸಾಲೆಯಲ್ಲಿದೆ.

ನೀವೂ ಹೋಗಿಬನ್ನಿ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮೋಡವಿದೆಯೆಂದು ಹಿಂದೆಗೆಯಬೇಡಿ. ಕ್ಯಾಮೆರಾಕ್ಕೊಂದು ಪ್ಲಾಸ್ಟಿಕ್ ಚೀಲ, ಒರೆಸಲು ಮೆತ್ತನೆ ಅರಿವೆ ಇರಲಿ. ಹೆಂಟೆ ಮಾತ್ರ ಮುಟ್ಟಬೇಡಿ.