ಅಂಟಿ ಬಿಡುವ ಹೊತ್ತು

ಕರಾವಳಿಯ ಬೀದಿಗಳಲ್ಲಿ ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ ಗಾಳಿಗೂ ಹಸಿವಾಗುತ್ತದೆ. ಒಂದು ಮನೆಯ ಬಂಗುಡೆಯ ಪರಿಮಳವನ್ನು ಹೊತ್ತುಕೊಂಡು ಹೋಗಿ ಇನ್ನೊಂದು ಮನೆಯ ಕಿಟಕಿಗೆ ಒಪ್ಪಿಸುತ್ತದೆ. ಅಲ್ಲಿಂದ ಅಂಜಲಿನ ಪರಿಮಳ ಇಸಿದುಕೊಂಡು ಮುಂದಿನ ಓಣಿಗೆ ತಿರುಗುತ್ತದೆ. ಊಟಕ್ಕೆ ಇನ್ನೂ ಹೊತ್ತಿದೆ. ಅವಸರವಿಲ್ಲದವರು ಬನ್ನಿ, ಒಲೆಯ ಬದಿಗೆ ಮಣೆ ಎಳೆದುಕೊಂಡು ಕೂರೋಣ. ನೋಡುವುದಕ್ಕೆ ಇರುವುದು ಒಂದೇ ಸಂಗತಿ: ಕಬ್ಬಿಣದ ಕಾವಲಿಗೂ ಮಸಾಲೆ ಮೆತ್ತಿಕೊಂಡ ಬಂಗುಡೆಗೂ ನಡೆಯುವ ಅಂಟು-ನಂಟು.

ಮೊದಲು ಕಾವಲಿಯನ್ನು ಮಾತಾಡಿಸೋಣ, ಅದೇ ಹಿರಿದು. ಸಂತೆಯಿಂದ ಬಂದ ಹೊಸ ಕಾವಲಿ ಬೂದು ಬಣ್ಣದ್ದು. ಮೈಯೆಲ್ಲ ತರಿತರಿ, ತಾಗಿದ್ದನ್ನೆಲ್ಲ ಹಿಡಿದುಕೊಳ್ಳುವ ಸ್ವಭಾವ. ಅದನ್ನು ಪಳಗಿಸಬೇಕು. ಗಂಜಿ ತಿಳಿಯಲ್ಲಿ ಕೆಲವು ದಿನ ನೆನೆಸಿಟ್ಟು, ತಿಕ್ಕಿ ತೊಳೆದು, ಎಣ್ಣೆ ಸವರಿ ಕಾಯಿಸಿ, ಅರ್ಧ ಹೋಳು ಈರುಳ್ಳಿಯಿಂದ ಉಜ್ಜಿ, ಮತ್ತೆ ಸವರಿ ಮತ್ತೆ ಕಾಯಿಸಬೇಕು. ಕಾದಂತೆಲ್ಲ ಎಣ್ಣೆಯ ಅಣುಗಳು ಒಂದರ ಕೈ ಒಂದು ಹಿಡಿದು ಕಬ್ಬಿಣದ ತರಿಗಳ ಮೇಲೆ ತೆಳ್ಳನೆಯ ಗಟ್ಟಿ ಪದರವಾಗಿ ಕೂರುತ್ತವೆ. ಹಳೆಯ ಕಾವಲಿಯ ಆ ಕಪ್ಪು ಮಿರುಗು ಹಿಂದಿನ ಎಷ್ಟೋ ಅಡುಗೆಗಳ ಎಣ್ಣೆ. ಹುಣಸೆಹುಳಿ ಬಹಳ ಹೊತ್ತು ನಿಂತರೆ ಅದು ಸವೆಯುತ್ತದೆ, ನೀರು ನಿಂತರೆ ತುಕ್ಕು ಏಳುತ್ತದೆ. ತುಕ್ಕಿನ ಭಯ ಮಳೆಗಾಲದಲ್ಲೇ ಹೆಚ್ಚು. ಮೀನುಗಾರಿಕೆಗೆ ನಿಷೇಧವಿರುವ ಕಾಲವೂ ಅದೇ: ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಮೀನಿನ ಕಾವಲಿಗೂ ಹೆಚ್ಚುಕಡಿಮೆ ರಜೆ. ಹೊರಗೆ ಬಿಡದ ಮಳೆ, ಒಳಗೆ ಗೋಡೆಯೂ ಬೆವರುವ ತೇವ. ಮೀನಿಲ್ಲದ ಆ ದಿನಗಳಲ್ಲೂ ಕಾವಲಿಯನ್ನು ಇಳಿಸಿ, ಒರೆಸಿ, ಎಣ್ಣೆ ಸವರಿ ಮತ್ತೆ ಗೋಡೆಗೆ ಒರಗಿಸಿಡುವ ಕೈಗಳಿವೆ. ಆಗಸ್ಟ್ ಬಂದೇ ಬರುತ್ತದೆ ಎಂಬ ನಂಬಿಕೆಯನ್ನು ಇದಕ್ಕಿಂತ ಚೆಂದಾಗಿ ಹೇಳಲು ನನಗೆ ಬರುವುದಿಲ್ಲ.

ಕಾವು ಸರಿಯಾಯಿತೇ ಎಂದು ನೋಡಲು ನಾಲ್ಕು ಹನಿ ನೀರು ಚಿಮುಕಿಸುತ್ತಾರಲ್ಲ, ಅದನ್ನು ತಪ್ಪಿಸಿಕೊಳ್ಳಬೇಡಿ. ಚುಂಯ್ ಎಂದು ಬಿದ್ದಲ್ಲೇ ಆರಿದರೆ ಕಾವು ಸಾಲದು. ಹನಿ ಮಣಿಯಾಗಿ ಉರುಳಾಡತೊಡಗಿದರೆ ಕಾವಲಿ ಸುಮಾರು 200 ಡಿಗ್ರಿ ಮುಟ್ಟಿದೆ ಎಂದು ಲೆಕ್ಕ. ಹನಿ ತನ್ನದೇ ಆವಿಯ ಮೇಲೆ ತೇಲುತ್ತಿದೆ, ಕಬ್ಬಿಣ ಅದಕ್ಕೆ ತಾಗುತ್ತಲೇ ಇಲ್ಲ. ಜರ್ಮನಿಯ ವೈದ್ಯ ಯೋಹಾನ್ ಗಾಟ್‌ಲಾಬ್ ಲೈಡೆನ್‌ಫ್ರಾಸ್ಟ್ ಕೆಂಪಗೆ ಕಾದ ಕಬ್ಬಿಣದ ಸೌಟಿನಲ್ಲಿ ಇಂಥ ಹನಿ ಬಿಟ್ಟು, ಅದು ಎಷ್ಟು ಹೊತ್ತು ಬಾಳುತ್ತದೆಂದು ನೋಡಿದ, 1756ರಲ್ಲಿ ಬರೆದೂ ಇಟ್ಟ. ಹನಿಯೊಂದನ್ನು ಅಷ್ಟು ಹೊತ್ತು ನೋಡಬಲ್ಲವನು ನಮ್ಮ ಮಣೆಯ ಬಳಗಕ್ಕೇ ಸೇರಿದವನು. ಅವನಿಗೂ ಸ್ವಲ್ಪ ಸರಿದು ಜಾಗ ಕೊಡೋಣ.

ಇನ್ನು ಉರಿ ತಗ್ಗಿಸಿ, ತೆಂಗಿನೆಣ್ಣೆ ಹೊಯ್ದು, ಗೀರು ಹಾಕಿದ ಬಂಗುಡೆಯನ್ನು ಇಡುವ ಹೊತ್ತು. ಹಸಿ ಮೀನಿನ ಪ್ರೋಟೀನು ಬಿಸಿ ತಾಗುತ್ತಲೇ ಸುರುಳಿ ಬಿಚ್ಚಿಕೊಂಡು, ಎದುರು ಸಿಕ್ಕ ಕಬ್ಬಿಣವನ್ನೇ ಹಿಡಿದುಬಿಡುತ್ತದೆ. ಒದ್ದೆ ಮೈಯಾದರೆ ಆ ನೀರು ಕಾವಲಿಯ ಕಾವನ್ನೂ ಕುಡಿಯುತ್ತದೆ. ಅದಕ್ಕೇ ಮೀನಿನ ನೀರು ಬಸಿದು ಒರೆಸುವುದು, ಅದಕ್ಕೇ ನಡುವೆ ಒಂದು ತೆರೆ ಕಟ್ಟುವುದು. ಬ್ಯಾಡಗಿ ಮೆಣಸಿನ ಮಸಾಲೆಗೆ ಒಂದಿಷ್ಟು ಅಕ್ಕಿಹಿಟ್ಟು ಕಲಸುವ ಮನೆಗಳಿವೆ. ಕಾರವಾರದ ಕಡೆ ರವೆಯಲ್ಲಿ ಹೊರಳಿಸುತ್ತಾರೆ. ಕೆಲವರು ಕರಿಬೇವಿನ ಎಸಳು ಹಾಸಿ ಮೀನನ್ನು ಮಲಗಿಸುತ್ತಾರೆ. ಹಿಟ್ಟು, ರವೆ ಮೇಲಿನ ತೇವವನ್ನು ಹೀರಿಕೊಂಡು ತಾವೇ ಮೊದಲು ಗರಿಯಾಗುತ್ತವೆ.

ಆಮೇಲೆ ಮಾಡಬೇಕಾದ್ದು ಏನೂ ಇಲ್ಲ, ಅದೇ ಈ ಕಲೆಯ ಮೇರು. ಮಗುಚುಬುರುಕರಿಗೆ ಇಲ್ಲಿ ಕಷ್ಟ. ಸಟ್ಟುಗ ಕೈಯಲ್ಲಿದ್ದರೆ ಅಂಚನ್ನು ಕೆದಕದೆ ಇರಲಾರರು. ಅರೆಗಾವಿನಲ್ಲಿ ಮೀನೆಬ್ಬಿಸುವುದೆಂದರೆ ಎಲೆಯ ಮುಂದೆ ಕೂತು ಉಣ್ಣುತ್ತಿರುವವರನ್ನು ರಟ್ಟೆ ಹಿಡಿದು ಎಬ್ಬಿಸಿದಂತೆ. ತೊಗಲು ಕಾವಲಿಯಲ್ಲಿ, ಮುಳ್ಳು ಸಟ್ಟುಗದಲ್ಲಿ ಉಳಿಯುತ್ತದೆ. ತಳದ ನೀರೆಲ್ಲ ಆವಿಯಾಗುವ ತನಕ ಅಲ್ಲಿನ ಕಾವು 100 ಡಿಗ್ರಿಯ ಆಸುಪಾಸಿನಲ್ಲೇ ತಡೆದು ನಿಲ್ಲುತ್ತದೆ. ನೀರು ಹೋಗಿ, 140 ದಾಟಿದ ಮೇಲೆ ಕಂದು ಬಣ್ಣವೂ ಆ ಪರಿಮಳವೂ ಹುಟ್ಟುವುದು. ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದ ರಾಸಾಯನಿಕ ಕ್ರಿಯೆ ಇದು. ಗರಿ ಕಟ್ಟಿದ ತಳ ಕಬ್ಬಿಣದ ಹಿಡಿತವನ್ನು ತಾನಾಗಿ ಸಡಿಲಿಸುತ್ತದೆ. ಕಿವಿ ಕೊಡಿ: ಒದ್ದೆ ಚಟಪಟ ಹೋಗಿ ಸಣ್ಣ, ಒಣ ಸದ್ದು ಬಂದಿದೆ. ಅಂಚು ಕೆಂಪಾಗಿದೆ. ಕಾವಲಿಯನ್ನು ಅಲುಗಿಸಿದರೆ ಬಂಗುಡೆ ಇಡಿಯಾಗಿ ಜಾರುತ್ತದೆ. ಅಂಟುಬಿಡುಗಾಲ ಕೂಡಿಬಂತು, ಈಗ ಮಗುಚಿ.

1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಕೈಗೆ ಆಕಸ್ಮಿಕವಾಗಿ ಸಿಕ್ಕ ಬಿಳಿ ಪುಡಿ ಮುಂದೆ ಟೆಫ್ಲಾನ್ ಎನಿಸಿಕೊಂಡು ಬಾಣಲೆಗಳ ಮೈಗೇರಿತು. ಅದರ ಮೇಲೆ ಯಾವುದೂ ಅಂಟದು, ಎಷ್ಟೋ ಮನೆಗಳಿಗೆ ಅದು ಉಪಕಾರವೇ. ಆದರೂ ನನ್ನ ಮನಸ್ಸು ಕಬ್ಬಿಣದ ಕಡೆಗೇ ವಾಲುತ್ತದೆ. ಕಬ್ಬಿಣದ ಮೇಲೆ ಮೀನು ಮೊದಲು ಅಪ್ಪಿಕೊಳ್ಳುತ್ತದೆ, ಆ ಅಪ್ಪುಗೆಯಲ್ಲೇ ಕೆಂಪೇರುತ್ತದೆ, ಕೆಂಪೇರಿದ್ದರಿಂದಲೇ ಬಿಡುತ್ತದೆ. ಬಿಡುವಾಗಲೂ ಕೈಬರಿದು ಮಾಡಿ ಹೋಗುವುದಿಲ್ಲ. ಗರಿಗರಿ ಮಸಾಲೆಯ ಚೂರುಗಳನ್ನು ಕಾವಲಿಗೇ ಬಿಟ್ಟಿರುತ್ತದೆ. ಅದರ ಮೇಲೆ ಎರಡು ಹಿಡಿ ಕುಚ್ಚಲಕ್ಕಿ ಅನ್ನ ಸುರಿದು, ಸಟ್ಟುಗದಿಂದ ಕೆರೆಕೆರೆದು ತಿರುವಿದರೆ ಎಣ್ಣೆ, ಖಾರ, ಹುಳಿ, ಹೊಗೆ ಎಲ್ಲವೂ ಒಂದೊಂದು ಅಗುಳಿಗೆ ಹತ್ತಿಕೊಳ್ಳುತ್ತವೆ. ಪೂರ್ತಿ ಅಂಟಿದರೆ ಮೀನಿಲ್ಲ, ಚೂರೂ ಅಂಟದಿದ್ದರೆ ಈ ಅನ್ನವಿಲ್ಲ. ಮೀನನ್ನು ಮನೆಮಂದಿಗೆಲ್ಲ ಸಮನಾಗಿ ಬಡಿಸಿ. ಕಾವಲಿಯ ಅನ್ನ ಮಾತ್ರ ಒಲೆಯ ಬದಿಯಲ್ಲಿ ಕಾದು ಕೂತವರ ಪಾಲು.