ಸೇತುವೆಯ ಆಚೆಗೊಂದು ಸಂಸಾರ

ಕೋಪನ್‌ಹೇಗನ್ ವಿಮಾನ ನಿಲ್ದಾಣದ ಕೆಳಗಿನಿಂದಲೇ ಸ್ವೀಡನ್‌ಗೆ ರೈಲು ಸಿಗುತ್ತದೆ. ಹತ್ತಿ ಕುಳಿತು ಶಾಲು ಸರಿಪಡಿಸಿಕೊಳ್ಳುವಷ್ಟರಲ್ಲಿ ರೈಲು ಸಮುದ್ರದಡಿಯ ಸುರಂಗಕ್ಕೆ ಇಳಿಯಿತು. ನಾಲ್ಕು ಕಿಲೋಮೀಟರ್ ಬರೀ ಕತ್ತಲು. ಆಮೇಲೆ ಒಮ್ಮೆಲೇ ಬೆಳಕು. ಪೆಬರ್‌ಹೋಲ್ಮ್ ಎಂಬ, ಮನುಷ್ಯರೇ ಕಟ್ಟಿದ ದ್ವೀಪದಲ್ಲಿ ತಲೆ ಎತ್ತಿದ ರೈಲು ಅಲ್ಲಿಂದ ಸುಮಾರು ಎಂಟು ಕಿಲೋಮೀಟರ್ ಉದ್ದದ ಸೇತುವೆಯನ್ನೇರಿತು. ಮೇಲಿನ ಅಂತಸ್ತಿನಲ್ಲಿ ಕಾರುಗಳು, ಕೆಳಗೆ ರೈಲು. ಓರೆ ಕಂಬಗಳ ನಡುವೆ ಸಮುದ್ರ ತುಂಡುತುಂಡಾಗಿ ಕಾಣುತ್ತಿತ್ತು. ದೂರದಲ್ಲಿ ಗಾಳಿಯಂತ್ರಗಳು ನೀರಿನಲ್ಲೇ ನಿಂತು ತಿರುಗುತ್ತಿದ್ದವು.

ಇದು ಓರೆಸುಂಡ್ ಸೇತುವೆ. ಡೆನ್ಮಾರ್ಕ್ ಮತ್ತು ಸ್ವೀಡನ್ ದೇಶಗಳನ್ನು ಜೋಡಿಸುವ ಈ ಸೇತುವೆ ಸಂಚಾರಕ್ಕೆ ತೆರೆದದ್ದು 2000ದ ಜುಲೈ 1ರಂದು. ವ್ಯಾಪಾರ ಬೆಳೆಯಲಿ, ಎರಡು ನಗರಗಳು ಒಂದಾಗಲಿ ಎಂಬುದು ಕಟ್ಟಿದವರ ಆಸೆ. ಆದರೆ ಎರಡೇ ವರ್ಷಗಳಲ್ಲಿ ಅದಕ್ಕೆ ಇನ್ನೊಂದು ಹೆಸರು ಬಿತ್ತು, ‘ಪ್ರೇಮದ ಸೇತುವೆ’ ಎಂದು. ಹೆಸರು ಕೇಳಿ ಯಾರೂ ಸಿನಿಮಾ ಹಾಡನ್ನು ನೆನಪಿಸಿಕೊಳ್ಳಬೇಕಾಗಿಲ್ಲ. ಮದುವೆಯಾದ ತಪ್ಪಿಗೆ ಸ್ವಂತ ದೇಶ ಬಿಟ್ಟು ಹೋದವರ ದಾರಿ ಅದು.

ನಾನು ಹೋದದ್ದು ತಂಗಿಯ ಮಗಳ ಮನೆಗೆ. ಅವಳು ಸ್ವೀಡನ್‌ನ ಲುಂಡ್‌ನಲ್ಲಿ ಓದು ಮುಗಿಸಿ ಮಾಲ್ಮೊ ನಗರದಲ್ಲಿ ಕೆಲಸಕ್ಕಿದ್ದಾಳೆ. ಮೇ ತಿಂಗಳ ಕೊನೆಯ ವಾರ. ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತೂವರೆ ದಾಟುತ್ತದೆ. ಮಗ್ರಿಬ್‌ಗೆ ಕಾಯುತ್ತಾ ಕಿಟಕಿಯ ಬಳಿ ಕುಳಿತಿದ್ದ ಮೊದಲ ದಿನವೇ ಪಕ್ಕದ ಮನೆಯ ಬಾಗಿಲಲ್ಲಿ ಒಬ್ಬ ಹಿರಿಯ ಮಹಿಳೆ ದೊಡ್ಡ ಡಬ್ಬಿ ಹಿಡಿದು ನಿಂತದ್ದು ಕಂಡಿತು. ತಲೆಗೆ ಹೂವಿನ ಚಿತ್ತಾರದ ರುಮಾಲು. ನನ್ನನ್ನು ನೋಡಿ ಸಲಾಮ್ ಹೇಳಿದರು. ಮರು ನಿಮಿಷದಲ್ಲಿ ನಾವು ಅವರ ಸೊಸೆಯ ಮನೆಯಲ್ಲಿ ಕುಳಿತು ಬೊರೆಕ್ ತಿನ್ನುತ್ತಿದ್ದೆವು. ಪದರ ಪದರವಾಗಿ ಸುಟ್ಟ ತಿಂಡಿ, ನಮ್ಮ ಸಮೋಸಾದ ದೂರದ ನೆಂಟ.

“ಈ ಅಮ್ಮ ಇರುವುದು ಡೆನ್ಮಾರ್ಕ್‌ನಲ್ಲಿ ಖಾಲಾ. ಪ್ರತಿ ಶುಕ್ರವಾರ ಡಬ್ಬಿ ಹಿಡಿದು ಸಮುದ್ರ ದಾಟಿ ಬರ್ತಾರೆ. ಇಪ್ಪತ್ತು ವರ್ಷ ಆಯ್ತಂತೆ” ಎಂದಳು ತಂಗಿಯ ಮಗಳು.

ಒಬ್ಬನೇ ಮಗ ತಾಯಿಯನ್ನು ಬಿಟ್ಟು ಬೇರೆ ದೇಶದಲ್ಲೇಕೆ ಮನೆ ಮಾಡಿದ? ಅತ್ತೆ ಸೊಸೆಗೆ ಆಗಿಬರಲಿಲ್ಲವೇನೋ ಎಂದುಕೊಂಡೆ. ನಮ್ಮ ಕಡೆಯ ಬುದ್ಧಿ ಅಲ್ಲಿಗೇ ಮೊದಲು ಓಡುವುದು! ಆದರೆ ಅತ್ತೆ ಸೊಸೆಯರು ಒಬ್ಬರ ತಟ್ಟೆಗೆ ಇನ್ನೊಬ್ಬರು ಬಡಿಸುತ್ತಾ ನಗುತ್ತಿದ್ದರು. ಅವರನ್ನು ಬೇರೆ ಮಾಡಿದ್ದು ಒಂದು ಕಾನೂನು.

2001ರ ನವೆಂಬರ್‌ನಲ್ಲಿ ಡೆನ್ಮಾರ್ಕ್‌ನಲ್ಲಿ ಚುನಾವಣೆ ನಡೆಯಿತು. ಅಮೆರಿಕದ ಅವಳಿ ಕಟ್ಟಡಗಳು ಉರುಳಿ ಎರಡು ತಿಂಗಳಷ್ಟೇ ಆಗಿತ್ತು. ಪ್ರಚಾರದ ತುಂಬಾ ವಲಸಿಗರದ್ದೇ ಮಾತು, ಅದರಲ್ಲೂ ಮುಸ್ಲಿಮರದ್ದು. ಗೆದ್ದ ಆಂಡರ್ಸ್ ಫೋಗ್ ರಾಸ್ಮುಸೆನ್ ಅವರ ಸರಕಾರ ವಲಸೆವಿರೋಧಿ ಡೇನಿಶ್ ಪೀಪಲ್ಸ್ ಪಾರ್ಟಿಯ ಬೆಂಬಲದ ಮೇಲೆ ನಿಂತಿತ್ತು. 2002ರ ಜುಲೈನಿಂದ ಹೊಸ ನಿಯಮ ಬಂತು. ಗಂಡ ಹೆಂಡತಿ ಇಬ್ಬರಿಗೂ 24 ವರ್ಷ ತುಂಬಿರದಿದ್ದರೆ ಹೊರದೇಶದ ಸಂಗಾತಿಗೆ ವಾಸದ ಪರವಾನಿಗೆ ಇಲ್ಲ. ತುಂಬಿದ್ದರೂ ಸಾಲದು. ಇಷ್ಟೇ ದೊಡ್ಡ ಮನೆ ಬೇಕು, ಸರಕಾರದಿಂದ ಜೀವನ ಸಹಾಯ ಪಡೆದಿರಬಾರದು, ಸುಮಾರು 50 ಸಾವಿರ ಕ್ರೋನರ್‌ನ ಬ್ಯಾಂಕ್ ಗ್ಯಾರಂಟಿ ಇಡಬೇಕು. ಎಲ್ಲಕ್ಕಿಂತ ವಿಚಿತ್ರವಾದದ್ದು ‘ನಂಟಿನ ಷರತ್ತು’. ದಂಪತಿಗಳಿಬ್ಬರ ನಂಟನ್ನೂ ಒಟ್ಟು ಸೇರಿಸಿ ತೂಗಿದಾಗ ಅದು ಬೇರೆ ಯಾವ ದೇಶಕ್ಕಿಂತಲೂ ಡೆನ್ಮಾರ್ಕ್‌ನೊಂದಿಗೆ ಹೆಚ್ಚಿರಬೇಕು! ಊರಿನಿಂದ ಹೆಣ್ಣು ತಂದವನ ತಕ್ಕಡಿ ಯಾವ ಕಡೆಗೆ ವಾಲುತ್ತದೆಂದು ಹೇಳಬೇಕಾಗಿಲ್ಲ.

ಬಲವಂತದ ಮದುವೆಗಳನ್ನು ತಡೆಯಲು ಈ ಕಾನೂನು ಎಂದು ಸರಕಾರ ಹೇಳಿತು. ಇದನ್ನು ತಳ್ಳಿಹಾಕಿ ಬಿಡುವುದು ನ್ಯಾಯವಲ್ಲ. ಯುರೋಪಿನಲ್ಲಿ ಹುಟ್ಟಿ ಬೆಳೆದ ಹುಡುಗಿಯನ್ನು ರಜೆಗೆಂದು ಊರಿಗೆ ಕರೆದೊಯ್ದು ಸಂಬಂಧಿಕರ ಹುಡುಗನಿಗೆ ಕಟ್ಟಿದ ಮನೆಗಳು ನಮ್ಮ ಸಮುದಾಯದಲ್ಲಿ ಇದ್ದವು. ಹೆಣ್ಣಿನ ಒಪ್ಪಿಗೆ ಕೇಳಲೇಬೇಕೆಂದು ಪ್ರವಾದಿ(ಸ) ಕಲಿಸಿದ್ದನ್ನು ಮರೆತವರು ಕೊಟ್ಟ ನೆಪ ಅದು. ಆದರೆ ಆ ನೆಪದಲ್ಲಿ ಮನಸಾರೆ ಒಪ್ಪಿ ಮದುವೆಯಾದವರಿಗೂ ಬಾಗಿಲು ಮುಚ್ಚಿತು. 2003ರಲ್ಲಂತೂ ಹತ್ತಿರದ ರಕ್ತಸಂಬಂಧದ ಮದುವೆಗಳನ್ನು ಸಾಮಾನ್ಯವಾಗಿ ಬಲವಂತದ್ದೆಂದೇ ಭಾವಿಸಬೇಕೆಂಬ ನಿಯಮವೂ ಸೇರಿತು.

ಪಕ್ಕದ ಮನೆಯ ಹುಡುಗ (ಈಗ ಅವನಿಗೆ ತಲೆ ನರೆತಿದೆ, ತಾಯಿ ಹಾಗೆ ಕರೆಯುವುದರಿಂದ ನಾನೂ ಹುಡುಗನೆಂದೇ ಬರೆಯುತ್ತೇನೆ) ಹುಟ್ಟಿದ್ದು ಕೋಪನ್‌ಹೇಗನ್‌ನ ನೊರೆಬ್ರೊದಲ್ಲಿ. ತಂದೆ ತುರ್ಕಿಯಿಂದ ಕಾರ್ಖಾನೆ ಕೆಲಸಕ್ಕೆ ಬಂದವರು. ಹುಡುಗ ಡೇನಿಶ್ ಪ್ರಜೆ. 2004ರಲ್ಲಿ ಅವನ ನಿಕಾಹ್ ಆದಾಗ ಅವನಿಗೆ 23, ಅವಳಿಗೆ 21. ಅಂದರೆ ಮೂರು ವರ್ಷ ಕಾಯಬೇಕು, ಕಾದ ಮೇಲೂ ನಂಟಿನ ತಕ್ಕಡಿ ಹತ್ತಬೇಕು. ಅದೇ ಹೊತ್ತಿಗೆ ಸೇತುವೆಯ ಆಚೆ ಸ್ವೀಡನ್‌ನಲ್ಲಿ 18 ತುಂಬಿದ್ದರೆ ಸಾಕಿತ್ತು. ಡೇನಿಶ್ ಪ್ರಜೆಗೆ ಅಲ್ಲಿ ಹೋಗಿ ನೆಲೆಸಲು ಅಡ್ಡಿಯಿಲ್ಲ. ಹುಡುಗ ಮಾಲ್ಮೊದಲ್ಲಿ ಎರಡು ಕೋಣೆಯ ಮನೆ ಹಿಡಿದ. ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾದ ಮೇಲೆ ಅವಳು ಬಂದಳು. ಕೆಲಸ ಮಾತ್ರ ಕೋಪನ್‌ಹೇಗನ್‌ನಲ್ಲೇ ಉಳಿಯಿತು. ಬೆಳಿಗ್ಗೆ ರೈಲು ಹತ್ತಿ ತಾಯ್ನಾಡಿಗೆ, ಸಂಜೆ ರೈಲು ಹತ್ತಿ ಹೆಂಡತಿಯ ಬಳಿಗೆ.

“ಈದ್‌ಗೆ ನಾನು ಅತ್ತೆಯ ಮನೆಗೆ ಹೋಗಬಹುದಿತ್ತು, ವಾರ ಇರಬಹುದಿತ್ತು. ಸಂಸಾರ ಮಾತ್ರ ಮಾಡುವ ಹಾಗಿರಲಿಲ್ಲ” ಎಂದು ಸೊಸೆ ನಕ್ಕಳು.

ಕರಾವಳಿಯ ನಮಗೆ ಇದು ಅರ್ಥವಾಗದ ಮಾತಲ್ಲ. ಸಂಬಳ ಸಾಲದೆ ಫ್ಯಾಮಿಲಿ ವೀಸಾ ಸಿಗದೆ, ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವ ಗಂಡನನ್ನು ಕಾದ ಹೆಂಗಸರು ನಮ್ಮ ಯಾವ ಊರಲ್ಲಿಲ್ಲ? ಆದರೆ ಗಲ್ಫ್ ಯಾವತ್ತೂ ನಮ್ಮದೆಂದು ಯಾರೂ ಹೇಳಲಿಲ್ಲ. ಈ ಹುಡುಗ ತಾನು ಹುಟ್ಟಿದ ಊರಿನಿಂದಲೇ ಹೊರಗೆ ನಿಂತಿದ್ದ.

ಮರುದಿನ ಆ ಅಮ್ಮ ನಮ್ಮನ್ನು ನೊರೆಬ್ರೊಗೆ ಕರೆದೊಯ್ದರು. ಉದ್ದನೆಯ ಬೀದಿ, ನದಿಯಂತೆ ಹರಿಯುವ ಸೈಕಲ್‌ಗಳು, ಅಂಗಡಿಗಳ ಮುಂದೆ ಕಲ್ಲಂಗಡಿ ಮತ್ತು ಪುದೀನದ ರಾಶಿ, ಅರಬಿ ಬರಹದ ಬೇಕರಿಗಳು. ಸ್ವಲ್ಪ ದೂರದಲ್ಲಿ 2014ರಲ್ಲಿ ತೆರೆದ ದೊಡ್ಡ ಮಸೀದಿ. ಮೂರನೆಯ ಮಹಡಿಯ ಅವರ ಮನೆಯಲ್ಲಿ ಗೋಡೆಗೆ ಒಂದು ಕಪ್ಪು ಬಿಳುಪು ಫೋಟೋ, ತೆಳ್ಳಗಿನ ಮದುಮಗಳು, ಕೈಯಲ್ಲಿ ಸೂಟ್‌ಕೇಸ್. ಅದು ಅವರೇ. ಡೆನ್ಮಾರ್ಕ್ 1973ರಲ್ಲಿ ವಿದೇಶಿ ಕಾರ್ಮಿಕರನ್ನು ಕರೆಸಿಕೊಳ್ಳುವುದನ್ನು ನಿಲ್ಲಿಸಿತು. ಆದರೆ ಅದಾಗಲೇ ಬಂದವರ ಹೆಂಡತಿ ಮಕ್ಕಳಿಗೆ ಬಾಗಿಲು ತೆರೆದೇ ಇತ್ತು. ಅಮ್ಮ ಬಂದದ್ದು ಆಗ, ಇಪ್ಪತ್ತರ ಹರೆಯದಲ್ಲಿ. “ನನ್ನನ್ನು ಯಾರೂ ತೂಗಲಿಲ್ಲ” ಎಂದರು.

ಈ ಕತೆಯಲ್ಲಿ ನ್ಯಾಯಾಲಯವೂ ಬಂತು. ಟೋಗೊದಲ್ಲಿ ಹುಟ್ಟಿದ ಉಸ್ಮಾನ್ ಬಿಯಾವೊ 2002ರಲ್ಲಿ ಡೇನಿಶ್ ಪ್ರಜೆಯಾದರು. 2003ರಲ್ಲಿ ಘಾನಾದ ಹೆಣ್ಣನ್ನು ಮದುವೆಯಾದರು. ಇಬ್ಬರಿಗೂ 24 ದಾಟಿತ್ತು, ಆದರೂ ನಂಟು ಸಾಲದೆಂದು ಅರ್ಜಿ ತಿರಸ್ಕಾರವಾಯಿತು. ಅವರೂ ಈ ಸೇತುವೆ ದಾಟಿ ಮಾಲ್ಮೊಗೇ ಬಂದರು. ಅಷ್ಟರಲ್ಲಿ ಡೆನ್ಮಾರ್ಕ್ ಒಂದು ವಿನಾಯಿತಿ ತಂದಿತು. 28 ವರ್ಷಗಳಿಂದ ಡೇನಿಶ್ ಪ್ರಜೆಯಾಗಿರುವವರಿಗೆ ನಂಟಿನ ಪರೀಕ್ಷೆ ಇಲ್ಲ. ಹುಟ್ಟಿನಿಂದಲೇ ಪ್ರಜೆಯಾದವನಿಗೆ 28ನೇ ವಯಸ್ಸಿಗೆ ಸಿಗುವ ಈ ಸೌಲಭ್ಯ ಬಿಯಾವೊಗೆ ಸಿಗುವುದು 2030ರಲ್ಲಿ, 59ನೇ ವಯಸ್ಸಿನಲ್ಲಿ! ಪಾಸ್‌ಪೋರ್ಟ್ ಒಂದೇ, ಪ್ರಜೆಗಳು ಎರಡು ಬಗೆ. ಡೆನ್ಮಾರ್ಕ್‌ನ ಸುಪ್ರೀಂ ಕೋರ್ಟಿನಲ್ಲಿ ಸೋತರೂ ಅವರು ಬಿಡಲಿಲ್ಲ. 2016ರ ಮೇ 24ರಂದು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ ಇದು ಜನಾಂಗೀಯ ಮೂಲದ ಮೇಲಿನ ಪರೋಕ್ಷ ತಾರತಮ್ಯವೆಂದು ತೀರ್ಪು ಕೊಟ್ಟಿತು. ತೀರ್ಪು ಬರುವಾಗ ಮಾಲ್ಮೊದಲ್ಲಿ ಹುಟ್ಟಿದ ಅವರ ಮಗನಿಗೆ ಹನ್ನೆರಡು ವರ್ಷವಾಗಿತ್ತು. ಸರಕಾರವೇನು ಮಾಡಿತು ಗೊತ್ತೇ? ನಂಟಿನ ಷರತ್ತನ್ನು ಬಿಡಲಿಲ್ಲ, ವಿನಾಯಿತಿಯನ್ನೇ ರದ್ದು ಮಾಡಿತು. ಎಲ್ಲರಿಗೂ ಸಮಾನ ಕಷ್ಟ! 2018ರಲ್ಲಿ ಆ ಷರತ್ತಿನ ಜಾಗಕ್ಕೆ ಬೇರೆ ಷರತ್ತುಗಳ ಪಟ್ಟಿ ಬಂತು. 24ರ ನಿಯಮ ಮಾತ್ರ ಸರಕಾರಗಳು ಬದಲಾದರೂ ಉಳಿದುಕೊಂಡಿತು.

ಮಂತ್ರಿಗೂ ಶಿಕ್ಷೆಯಾದ ಉದಾಹರಣೆ ಅದೇ ದೇಶದಲ್ಲಿದೆ ಎಂಬುದನ್ನೂ ಹೇಳಬೇಕು. ಇಂಗರ್ ಸ್ಟೊಯ್‌ಬರ್ಗ್ ವಲಸೆ ಸಚಿವೆಯಾಗಿದ್ದಾಗ, 2016ರಲ್ಲಿ, ಒಬ್ಬರ ವಯಸ್ಸು 18ಕ್ಕಿಂತ ಕಡಿಮೆಯಿದ್ದ ಆಶ್ರಯಾರ್ಥಿ ದಂಪತಿಗಳನ್ನು ವಿಚಾರಿಸದೆಯೇ ಬೇರೆ ಬೇರೆ ಶಿಬಿರಗಳಲ್ಲಿಡಲು ಆದೇಶಿಸಿದ್ದರು. ಬಾಲ್ಯವಿವಾಹವನ್ನು ನಾನು ಸಮರ್ಥಿಸಲಾರೆ. ಆದರೆ ಪ್ರತಿಯೊಂದು ಪ್ರಕರಣವನ್ನೂ ಪ್ರತ್ಯೇಕವಾಗಿ ನೋಡಲೇಬೇಕೆಂದು ಕಾನೂನಿತ್ತು. 2021ರ ಡಿಸೆಂಬರ್‌ನಲ್ಲಿ ವಿಶೇಷ ನ್ಯಾಯಾಲಯ ಆಕೆಗೆ 60 ದಿನಗಳ ಸೆರೆ ವಿಧಿಸಿತು.

ಇನ್ನು ಪೌರತ್ವ. ಡೆನ್ಮಾರ್ಕ್‌ನಲ್ಲಿ ಅದನ್ನು ಕೊಡುವುದು ಕಚೇರಿಯಲ್ಲ, ಸಂಸತ್ತು. ಸಾಮಾನ್ಯವಾಗಿ ಒಂಬತ್ತು ವರ್ಷಗಳ ವಾಸ, ಭಾಷಾ ಪರೀಕ್ಷೆ, 45 ಪ್ರಶ್ನೆಗಳ ಪೌರತ್ವ ಪರೀಕ್ಷೆ ಎಲ್ಲ ಮುಗಿದ ಮೇಲೆ ಅರ್ಜಿದಾರರ ಹೆಸರುಗಳನ್ನು ಮಸೂದೆಯಲ್ಲಿ ಬರೆದು ಮತಕ್ಕೆ ಹಾಕುತ್ತಾರೆ. 2019ರಿಂದ ಸಮಾರಂಭದಲ್ಲಿ ಅಧಿಕಾರಿಯ ಕೈ ಕುಲುಕುವುದೂ ಕಡ್ಡಾಯವಾಯಿತು. ಪರಸ್ತ್ರೀ ಪರಪುರುಷರ ಕೈ ಮುಟ್ಟದವರನ್ನು ಗುರಿಯಾಗಿಟ್ಟೇ ಈ ನಿಯಮ ತಂದದ್ದೆಂದು ಅಲ್ಲಿಯ ಕೆಲವು ಮೇಯರ್‌ಗಳೇ ವಿರೋಧಿಸಿದ್ದರು. ಕೋವಿಡ್ ಬಂದಾಗ ಕೈ ಕುಲುಕಬಾರದೆಂದು ಸರಕಾರವೇ ಹೇಳಬೇಕಾಗಿ ಬಂದು ಸಮಾರಂಭಗಳು ನಿಂತವು! ತಮಾಷೆಯೆಂದರೆ ಇದೇ ದೇಶದ ಆರೊ ಎಂಬ ಪುಟ್ಟ ದ್ವೀಪಕ್ಕೆ ಪ್ರಪಂಚದ ಮೂಲೆಮೂಲೆಯಿಂದ ಜೋಡಿಗಳು ಮದುವೆಯಾಗಲು ಬರುತ್ತಾರೆ, ಕಾಗದಪತ್ರದ ಕೆಲಸ ಅಷ್ಟು ಸುಲಭ. ಮದುವೆಯಾಗಬಹುದು, ಉಳಿಯುವುದೇ ಕಷ್ಟ.

ಸ್ವೀಡನ್ ಈಗ ಹಳೆಯ ಸ್ವೀಡನ್ ಅಲ್ಲ. ನಿರಾಶ್ರಿತರು ದೊಡ್ಡ ಸಂಖ್ಯೆಯಲ್ಲಿ ಬಂದ ಮೇಲೆ, 2016ರ ಜನವರಿ 4ರಿಂದ, ಡೆನ್ಮಾರ್ಕ್‌ನಿಂದ ಬರುವ ರೈಲು ಪ್ರಯಾಣಿಕರೆಲ್ಲ ಗುರುತಿನ ಚೀಟಿ ತೋರಿಸಬೇಕಾಯಿತು. ಹುಡುಗ ಕೆಲಸ ಮುಗಿಸಿ ಬರುವಾಗ ವಿಮಾನ ನಿಲ್ದಾಣದಲ್ಲಿ ಇಳಿದು, ಸಾಲಿನಲ್ಲಿ ನಿಂತು, ಇನ್ನೊಂದು ರೈಲು ಹತ್ತಬೇಕಿತ್ತು. 2017ರ ಮೇವರೆಗೂ ಹಾಗೇ ನಡೆಯಿತು. ಸಣ್ಣ ಮಗ ಊಟಕ್ಕೆ ಕಾದು ಕಾದು ಮಲಗಿಬಿಡುತ್ತಿದ್ದನಂತೆ. 2022ರಲ್ಲಿ ಸ್ವೀಡನ್ ಡೆಮಾಕ್ರಾಟ್ಸ್ ಪಕ್ಷದ ಬೆಂಬಲದಿಂದ ರಚನೆಯಾದ ಸರಕಾರದ ಒಪ್ಪಂದದಲ್ಲಿ ಪೌರತ್ವಕ್ಕೆ ಭಾಷೆ ಮತ್ತು ಸಮಾಜದ ಪರೀಕ್ಷೆ, ದೀರ್ಘ ವಾಸ, ಕುಟುಂಬ ಕರೆಸಲು ಬಿಗಿ ನಿಯಮ ಎಲ್ಲ ಸೇರಿದವು. “ನಾವು ಬಿಟ್ಟು ಬಂದದ್ದು ರೈಲು ಹತ್ತಿ ನಮ್ಮ ಹಿಂದೆಯೇ ಬಂತು” ಎಂದ ಹುಡುಗ. ಸೊಸೆ ಅದಕ್ಕೆಲ್ಲ ಮೊದಲೇ ಸ್ವೀಡಿಶ್ ಪ್ರಜೆಯಾಗಿದ್ದಳು. ಹೀಗೆ ಒಂದು ಮನೆ, ಎರಡು ಬಣ್ಣದ ಮಾತು: ಫುಟ್‌ಬಾಲ್ ಪಂದ್ಯವಿದ್ದ ದಿನ ಗಂಡ ಡೆನ್ಮಾರ್ಕ್ ಕಡೆ, ಹೆಂಡತಿ ಸ್ವೀಡನ್ ಕಡೆ.

ಐರೋಪ್ಯ ಒಕ್ಕೂಟದ ನಿಯಮದಂತೆ ಕೆಲಕಾಲ ಸ್ವೀಡನ್‌ನಲ್ಲಿ ನೆಲೆಸಿದ ಮೇಲೆ ಹೆಂಡತಿಯೊಂದಿಗೆ ಡೆನ್ಮಾರ್ಕ್‌ಗೆ ಮರಳಬಹುದಿತ್ತು. ಹಾಗೆ ಮರಳಿದವರು ಹಲವರಿದ್ದಾರೆ. ಇವರೇಕೆ ಹೋಗಲಿಲ್ಲವೆಂದು ಕೇಳಿದೆ. ಮಕ್ಕಳು ಶಾಲೆಗೆ ಸೇರಿಬಿಟ್ಟಿದ್ದರು, ಸೊಸೆಗೆ ಶಿಶುವಿಹಾರದಲ್ಲಿ ಕೆಲಸ ಸಿಕ್ಕಿತ್ತು. ಅಷ್ಟೇ ಅಲ್ಲ, “ಬೇಡವೆಂದವರ ಬಾಗಿಲು ಎರಡನೇ ಸಲ ತಟ್ಟಲು ಮನಸ್ಸಾಗಲಿಲ್ಲ” ಎಂದಳು ಅವಳು. ಅತ್ತೆ ಏನೂ ಹೇಳಲಿಲ್ಲ, ಡಬ್ಬಿಯ ಮುಚ್ಚಳ ಹಾಕುತ್ತಿದ್ದರು.

ಹೊರಡುವ ಮುನ್ನ ನೊರೆಬ್ರೊದ ಮನೆಯಲ್ಲಿ ಅಸ್ರ್ ನಮಾಝ್ ಮಾಡಿದೆವು. ಅಮ್ಮ ನನಗೆ ಮುಸಲ್ಲಾ ಹಾಸಿಕೊಟ್ಟದ್ದು ಮಗನ ಹಳೆಯ ಕೋಣೆಯಲ್ಲಿ. ಮೇಜಿನ ಮೇಲೆ ಹೊಸ ಪುಸ್ತಕಗಳು, ಕುರ್ಚಿಯ ಮೇಲೆ ಹುಡುಗಿಯರ ಕೋಟು. ಮೊಮ್ಮಗಳದ್ದು. ಮಾಲ್ಮೊದಲ್ಲಿ ಹುಟ್ಟಿದ ಅವಳಿಗೆ ತಂದೆಯ ಕಡೆಯಿಂದ ಹುಟ್ಟಿನಿಂದಲೇ ಡೇನಿಶ್ ಪೌರತ್ವವಿದೆ. ಕೋಪನ್‌ಹೇಗನ್ ವಿಶ್ವವಿದ್ಯಾಲಯಕ್ಕೆ ಸೇರಿ ಅಜ್ಜಿಯ ಜೊತೆಗಿದ್ದಾಳೆ. ಈಗ ಶುಕ್ರವಾರಗಳಂದು ಡಬ್ಬಿ ಹೊರುವುದು ಅವಳೇ, ಅಜ್ಜಿ ಕೈಬೀಸಿಕೊಂಡು ಹಿಂದೆ ನಡೆಯುತ್ತಾರೆ.